ಪೆಪ್ಪರ್‌ಮಿಂಟ್ ಬಾಟ್ಲಿನಾಗೆ ತವರು

ನಮ್ಮಪ್ಪ ಇದ್ದಾಗಿನ ಮಾತು ಇದು. ಗೋಡೆ ಗೂಡಿನಾಗಿರೋ ಗಾಜಿನ ಬಾಟ್ಲಿ ನೋಡ್ದಾಗೆಲ್ಲ ಅವನೇ ನೆನಪಾಗ್ತಾನೆ.

ನನ್ನ ಹೆಂಡ್ತಿ ಚಿಕ್ಕಜಾಜೂರಿನೋಳು. ಅವಳಪ್ಪ ರೈಲ್ವೆ ಗ್ಯಾಂಗ್‌ಮನ್. ನಾವು ಹರಿಯಬ್ಬೆ ಕಡೆ ಕುರಿ ಕಾಯೋರು. ಮದ್ವೆ ಆಗಿ ಬಂದು ತಿಂಗ್ಳಾದ್ರೂ ಅವಳು ಟ್ರಂಕಿನಾಗಿನ ಸೀರೆ ತೆಗ್ದು ಬಟ್ಟೆ ಹಾಕೋ ಗಳದ ಮ್ಯಾಲೆ ಹಾಕಿರ್ಲಿಲ್ಲ. ನಂಗೆ ಒಂದೇ ಭಯ, ಇವಳು ಒಂದಿನ ಟ್ರಂಕು ಎತ್ಕೊಂಡು ಹೋಗೇಬಿಡ್ತಾಳೆ ಅಂತ.

"ಏನಾಗೈತೆ ನಿಂಗೆ?" ಅಂದೆ.

"ಇಲ್ಲಿ ಕಣ್ಣಿಗೆ ಹಸ್ರೇ ಇಲ್ಲ. ನಮ್ಮೂರಾಗೆ ರೈಲು ಇಂಜಿನ್ನಿಗೆ ನೀರು ತುಂಬೋ ಕಂಬ ಐತಲ್ರಿ, ಅದ್ರ ಬುಡದಾಗೆ ಬ್ಯಾಸ್ಗೇಲೂ ಹಾವಸೆ ಇರ್ತೈತೆ" ಅಂದ್ಲು.

ಹೋದೆ. ಕಂಬದ ಬುಡದ ಹಾವಸೆ, ಒಂದು ಎಳೇ ಜರಿಗಿಡ ಕಿತ್ಕೊಂಡು ಬಂದೆ. ಅಂಗ್ಡೀಲಿ ಪೆಪ್ಪರ್‌ಮಿಂಟ್ ಖಾಲಿಯಾದ ಬಾಟ್ಲಿ ಇಸ್ಕೊಂಡೆ. ತಳಕ್ಕೆ ಸಣ್ಣ ಕಲ್ಲು, ಮ್ಯಾಲೆ ಒಲೆ ಇದ್ದಿಲು, ಅದ್ರ ಮ್ಯಾಲೆ ಜರಡಿ ಹಿಡ್ದ ಮಣ್ಣು, ಎಲ್ಲ ಅವಳೇ ಹಾಕಿ ನೆಟ್ಲು. ಚೂರು ನೀರು ಚಿಮುಕ್ಸಿ ಮುಚ್ಚಳ ತಿರುವಿದ್ಲು. ಬಿಸ್ಲು ಬೀಳ್ದಿರೋ ಗೂಡಿನಾಗೆ ಇಟ್ವಿ. ಬೆಳಗಾದ್ರೆ ಗಾಜಿಗೆ ಹನಿ ಹಿಡ್ದು ಒಳಗೇ ಇಳೀತಿತ್ತು. ಮತ್ತೆ ನೀರೇ ಕೇಳ್ತಿರ್ಲಿಲ್ಲ.

"ನೋಡ್ರಿ ಮಾವ, ಒಳಗೆ ಮಳೆ!"

"ಭಲೆ ಕಣವ್ವ! ಮಳೆರಾಯಂಗೆ ನಮ್ಮ ಹೊಲ ಕಾಣ್ಲಿಲ್ಲ, ಬಾಟ್ಲಿ ಕಾಣ್ತು" ಅಂದ ಅಪ್ಪ.

ಅವಂಗೆ ಕುರಿ ಹಿಕ್ಕೆ ಅಂದ್ರೆ ಬಂಗಾರ. ಗೊಬ್ರಕ್ಕೆ ನಮ್ಮ ಹೊಲದಾಗೆ ಮಂದೆ ನಿಲ್ಸಪ್ಪ ಅಂತ ಊರೋರೆಲ್ಲ ಅವನ ಹತ್ರನೇ ಬರ್ತಿದ್ರು. ಹಿಕ್ಕೆ ಬೀಳ್ದಿದ್ದು ಮಣ್ಣೇ ಅಲ್ಲ ಅಂತಿದ್ದ. ಸೊಸೆ ಗಿಡ ಚೆನ್ನಾಗಿ ಬರ್ಲಿ ಅಂತ ಒಂದಿನ ಹಸೀ ಹಿಕ್ಕೆ ಹಿಡಿ ತುಂಬ ಹಾಕಿ, ಚೊಂಬು ನೀರು ಹುಯ್ದು, ಮುಚ್ಚಳ ಬಿಗಿ ಮಾಡಿಟ್ಟ. ವಾರದಾಗೆ ಒಳಗೆಲ್ಲ ಬೂಷ್ಟು. ಹಾವಸೆ ಕರ್ರಗಾಯ್ತು. ಮುಚ್ಚಳ ತೆಗೆದ್ರೆ ಮನೆ ತುಂಬ ನಾತ.

ಅವಳು ಬೈಲಿಲ್ಲ, ಅಳ್ಲಿಲ್ಲ. ಹೋಗಿ ಟ್ರಂಕಿನ ಮ್ಯಾಲೆ ಕುಂತ್ಲು.

ಅಪ್ಪ ಅದನ್ನ ನೋಡ್ದ. ಕಂಬಳಿ ಹೆಗಲಿಗೆ ಹಾಕ್ಕೊಂಡು ಹೋದೋನು ಮಾರ್ನೇ ದಿನ ಸಂಜಿಗೆ ಬಂದ. ಕಂಬಳಿ ತೊಟ್ಟಿಕ್ತಿತ್ತು. ಬಿಚ್ಚಿದ್ರೆ ಒಳಗೆ ಅದೇ ಕಂಬದ ಹಾವಸೆ, ಹಸಿಹಸಿ.

"ದುರ್ಗದಾಗೆ ಬಸ್ ಕಂಡಕ್ಟ್ರು, ಕುರಿಮರಿ ಮುಚ್ಕೊಂಡಿದ್ದೀಯೇನೋ ಮುದುಕ ಅಂತ ಬಿಚ್ಚಿಸ್ದ. ಇದ್ಯಾತಕ್ಕೆ ಅಂದ. ನನ್ನ ಸೊಸೆ ತವರು ಕಣಯ್ಯ, ಸೀಟು ಬಿಡ್ಸು ಅಂದೆ."

ಅವಳು ನಕ್ಕುಬಿಟ್ಲು. ನಮ್ಮನೇಲಿ ಅವಳು ನಕ್ಕಿದ್ದು ಅದೇ ಮೊದ್ಲು. ಬೂದಿ ಹಾಕಿ ಬಾಟ್ಲಿ ತಿಕ್ಕಿ, ಒಣಗ್ಸಿ, ಹೊಸದಾಗಿ ನೆಟ್ಲು. ಅಪ್ಪ ಪಕ್ಕದಾಗೇ ನಿಂತಿದ್ದ, ಮುಷ್ಟಿ ಬಿಗಿ ಹಿಡ್ಕೊಂಡು.

"ಯವ್ವ, ಒಂದೇ ಒಂದು ಹಿಕ್ಕೆ..."

"ಬ್ಯಾಡ ಮಾವ. ಹೊಲಕ್ಕೆ ಹಾಕ್ರಿ."

ಹಂಗಂದೋಳೇ ಕೈ ಒರೆಸ್ಕೊಂಡು ಒಳಗೆ ಹೋದ್ಲು. ಟ್ರಂಕು ತೆಗ್ದು, ಸೀರೆ ಒಂದೊಂದೇ ಗಳದ ಮ್ಯಾಲೆ ಹಾಕಿದ್ಲು.