ಅತ್ತೆಗಿಂತ ಮೊದಲೇ ಒಳಗೆ ಹೋದವಳು

ಏ ಎದುರು ಮನೆಯವರೇ! ಮಹಡಿ ಮೇಲೆ ಬಟ್ಟೆ ಹರವ್ತಿರೋ ಅಕ್ಕಾ! ಸೈಕಲ್ ಅಂಗಡಿ ಮಾಮಾ, ಆ ಪಂಪು ಒಂಚೂರು ಕೆಳಗಿಡಿ! ಎಲ್ಲರೂ ಈ ಕಡೆ ಕಿವಿ ಕೊಡಿ. ಇದನ್ನ ಒಬ್ಬಳೇ ಹೊಟ್ಟೆಯಲ್ಲಿಟ್ಟುಕೊಂಡು ಕೂರೋಕೆ ನನ್ನ ಕೈಲಿ ಆಗ್ತಿಲ್ಲ. ನಮ್ಮ ಟಚಪ್ ಅತ್ತೆ ಇದ್ದಾಳಲ್ಲ, ಅವಳ ವಿಷಯ. ನಗೋರು ಈಗಲೇ ನಕ್ಕುಬಿಡಿ, ಆಮೇಲೆ ಆಗಲ್ಲ.

ಟಚಪ್ ಅತ್ತೆ ನಮ್ಮಪ್ಪನ ದೊಡ್ಡಪ್ಪನ ಮಗಳು. ಬಸ್ ನಿಲ್ದಾಣದ ಹಿಂದಿನ ಫೋಟೋ ಸ್ಟುಡಿಯೋದಲ್ಲಿ ಅವಳ ಕೆಲಸ. ಮುಂದಿನ ಕೋಣೆಯಲ್ಲಿ ಯಜಮಾನರು ನೀಲಿ ಪರದೆಯ ಎದುರಿಗೆ ಜನರನ್ನು ಸ್ಟೂಲಿನ ಮೇಲೆ ಕೂರಿಸಿ, ‘ಗಲ್ಲ ಎತ್ತಿ, ಇನ್ನೂ ಸ್ವಲ್ಪ, ಅಯ್ಯೋ ಅಷ್ಟೆಲ್ಲ ಬೇಡ’ ಎನ್ನುತ್ತ ಫೋಟೋ ತೆಗೆಯುತ್ತಿದ್ದರು. ಹಿಂದಿನ ಕೋಣೆಯಲ್ಲಿ, ಕಿಟಕಿಯಿಲ್ಲದ ಕತ್ತಲಲ್ಲಿ, ಅತ್ತೆ ಕಂಪ್ಯೂಟರಿನ ಮುಂದೆ ಕೂತು ಆ ಮುಖಗಳನ್ನು ಟಚಪ್ ಮಾಡಿ ತಿದ್ದುತ್ತಿದ್ದಳು, ಆ ಹೆಸರು ಬಂದದ್ದೂ ಅದರಿಂದಲೇ. ಮೊಡವೆ ಒರೆಸುವುದು, ಹಾರಿದ ಕೂದಲು ಕೂರಿಸುವುದು, ಕಾಲರ್ ಇಲ್ಲದವರಿಗೆ ಕಾಲರ್ ಹಾಕುವುದು. ಆಮೇಲೆ ಅಚ್ಚು ಹಾಕಿ, ಕತ್ತರಿಸಿ, ಸಣ್ಣ ಲಕೋಟೆಯಲ್ಲಿ ಹಾಕಿ ಕೊಡುವುದು. ಊರಿನವರ ಗುರುತಿನ ಕಾರ್ಡುಗಳ ಮೇಲಿರುವ ಮುಖಗಳಲ್ಲಿ ಮುಕ್ಕಾಲು ಪಾಲು ಅವಳ ಕೈ ದಾಟಿಯೇ ಹೋದವು.

ಯಜಮಾನರು ಒಳ್ಳೆಯವರೇ, ಆದರೆ ಜಿಪುಣರು. ಒಬ್ಬರಿಗೆ ಒಂದೇ ಸಲ ಫ್ಲ್ಯಾಶ್. ಕಣ್ಣು ಮುಚ್ಚಿಕೊಂಡರೆ ಅದು ಅವರ ಹಣೆಬರಹ. ಹೊರಗೆ ಬಸ್ಸು ಹಾರನ್ ಹೊಡೆಯುತ್ತಿರುತ್ತದೆ, ಫೋಟೋದಲ್ಲಿ ನೋಡಿದರೆ ಮನುಷ್ಯ ಕೂತಲ್ಲೇ ನಿದ್ದೆ ಹೋಗಿರುತ್ತಾನೆ. ಆಗೆಲ್ಲ ಅತ್ತೆ ಅವರಿಗೆ ಬೇರೆ ಕಣ್ಣು ಅಂಟಿಸುತ್ತಿದ್ದಳು.

ಯಾರ ಕಣ್ಣು ಅಂತೀರಾ? ಅವಳದೇ.

‘ಬೇರೆಯವರ ಕಣ್ಣು ತೆಗೆದು ಇನ್ನೊಬ್ಬರಿಗೆ ಹಾಕಿದ್ರೆ ಅದು ಕಳ್ಳತನ ಅಲ್ವೇನೇ? ನಂದು ಕೊಟ್ರೆ ಯಾರಿಗೇನು ನಷ್ಟ?’ ಎನ್ನುತ್ತಿದ್ದಳು.

ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ, ದೀಪ ಪರೀಕ್ಷೆ ಮಾಡಲು ಯಜಮಾನರು ಅವಳದೊಂದು ಫೋಟೋ ತೆಗೆದಿದ್ದರು. ಎಳೆ ವಯಸ್ಸು, ಹೊಳೆಯುವ ಕಣ್ಣು, ಎಡಗಣ್ಣಿನ ಬಿಳಿಯಲ್ಲಿ ಪೆನ್ನಿನ ಮೊನೆ ತಾಗಿದಷ್ಟು ಒಂದು ಕಪ್ಪು ಮಚ್ಚೆ. ಆ ಮಚ್ಚೆಯಿಂದಾಗಿಯೇ ಅವಳ ಅಕ್ಕ, ಅಂದರೆ ನಮ್ಮ ದೊಡ್ಡತ್ತೆ, ಅವಳನ್ನು ಚುಕ್ಕಿ ಎಂದು ಕರೆಯುವುದು. ಅಂಟಿಸುವಾಗ ಅತ್ತೆ ಮಚ್ಚೆಯನ್ನು ಒರೆಸುತ್ತಿರಲಿಲ್ಲ. ಬೆರಳುಗುರಿನಷ್ಟು ಫೋಟೋದಲ್ಲಿ ಯಾರಿಗೆ ಕಾಣಬೇಕು? ತನ್ನ ಕಾರ್ಡಿನ ಫೋಟೋದಲ್ಲಿ ತಾನೇ ಕಣ್ಣು ಮಿಟುಕಿಸಿದಾಗಲೂ ಅದೇ ಹಳೆಯ ಜೋಡಿಯನ್ನೇ ಹಾಕಿಕೊಂಡಳು. ಹೀಗೆ ವರ್ಷಗಟ್ಟಲೆ ಊರ ತುಂಬ ತನ್ನ ಕಣ್ಣು ಹಂಚಿದಳು.

ಆಮೇಲೆ ವಿಮಾನದ ಹೊಸ ನಿಯಮ ಬಂತು.

ಮೊದಲೆಲ್ಲ ದೇಶದೊಳಗೆ ಊರಿಂದೂರಿಗೆ ಹಾರುವವರು ಬಾಗಿಲಲ್ಲಿ ಕಾರ್ಡು ತೋರಿಸಿದರೆ ಸಾಕಿತ್ತು. ಕಾವಲಿನವರು ಹೆಸರು ನೋಡುತ್ತಿದ್ದರು, ಮುಖ ನೋಡುತ್ತಿರಲಿಲ್ಲ. ಈಗ ಹಾಗಲ್ಲ. ಬಾಗಿಲಲ್ಲೊಂದು ಕ್ಯಾಮೆರಾ, ಅದು ಹಿಡಿಯುವುದು ಮುಖ್ಯವಾಗಿ ಕಣ್ಣನ್ನೇ. ನಿಂತವರ ಮುಖ, ಕಾರ್ಡಿನ ಮುಖ, ಎರಡೂ ತಾಳೆಯಾದರೆ ಹಸಿರು ದೀಪ. ಇಲ್ಲವಾದರೆ ಬಂದ ದಾರಿಗೆ ಸುಂಕವಿಲ್ಲ.

ಮೊದಲು ಸ್ಟುಡಿಯೋಗೆ ನುಗ್ಗಿದವರು ಕೊಳಾಯಿ ರಿಪೇರಿಯವರು. ಕೈಯಲ್ಲಿ ಪೆಟ್ಟಿಗೆ, ಮುಖ ಕೆಂಡ.

‘ಏನಮ್ಮಾ ಟಚಪ್ಪು, ಮಗಳ ಮನೆಗೆ ಹೋಗೋಣ ಅಂತ ಹೊರಟ್ರೆ ಆ ಮೆಷಿನ್ ಇದು ನೀನಲ್ಲ ಅಂತು! ಹೆಂಡತಿ ಮಕ್ಕಳ ಮುಂದೆ! ಇದ್ಯಾರ ಕಣ್ಣಮ್ಮಾ ನನ್ನ ಮುಖಕ್ಕೆ ಹಾಕಿರೋದು?’

‘ನಂದೇ ಅಣ್ಣಾ’ ಎಂದಳು ಅತ್ತೆ, ನಾಚಿಕೊಂಡು.

‘ನಿಮ್ಮದಾ? ಇಷ್ಟು ವರ್ಷದಿಂದ ನಿಮ್ಮ ಕಣ್ಣು ಜೇಬಲ್ಲಿಟ್ಟುಕೊಂಡು ಓಡಾಡ್ತಿದ್ದೀನಾ? ನನ್ನ ಹೆಂಡತಿಗೆ ಗೊತ್ತಾದ್ರೆ ಮನೆಗೆ ಸೇರಿಸ್ತಾಳೇನಮ್ಮಾ?’

ಯಜಮಾನರೂ ನಕ್ಕರು, ಅತ್ತೆಗೆ ಲಕೋಟೆ ಮಡಚಿಕೊಡುತ್ತ ಕೂತಿದ್ದ ನಾನೂ ನಕ್ಕೆ. ಅತ್ತೆ ಅವರಿಗೆ ಪುಕ್ಕಟೆ ಹೊಸ ಫೋಟೋ ಮಾಡಿಕೊಟ್ಟಳು. ಅಲ್ಲಿಯವರೆಗೆ ಎಲ್ಲ ತಮಾಷೆಯೇ.

ಅದಾದ ಕೆಲವು ದಿನಕ್ಕೆ ನಿವೃತ್ತ ಟೀಚರಮ್ಮ ಬಂದರು. ಅವರ ಕಾರ್ಡಿಗೂ ಅತ್ತೆಯದೇ ಕಣ್ಣು. ಅವರು ಜಗಳಕ್ಕೆ ಬಂದಿರಲಿಲ್ಲ, ಮೊಮ್ಮಗಳ ಫೋಟೋ ಬೇಕಾಗಿತ್ತು.

‘ನೀವೂ ವಿಮಾನದಲ್ಲಿ ಹೋಗಿದ್ರಂತೆ? ತೊಂದರೆ ಆಗಲಿಲ್ವಾ?’ ಅತ್ತೆ ಹೆದರಿಕೊಂಡೇ ಕೇಳಿದಳು.

‘ಏನೂ ಇಲ್ಲಪ್ಪ. ನಿಂತೆ, ಹಸಿರು ದೀಪ ಬಂತು, ಹೋದೆ’ ಎಂದರು ಟೀಚರಮ್ಮ, ಕನ್ನಡಕ ತೆಗೆದು ಸೆರಗಿನ ತುದಿಯಿಂದ ಒರೆಸುತ್ತ.

ಅತ್ತೆ ಕತ್ತರಿ ಕೆಳಗಿಟ್ಟಳು. ಟೀಚರಮ್ಮನ ಕಣ್ಣು ಜೇನಿನ ಬಣ್ಣದ್ದು ಎಂದು ನಮ್ಮ ಬೀದಿಯಲ್ಲಿ ಅವರ ಬೈಗುಳ ತಿಂದವರಿಗೆಲ್ಲ ಗೊತ್ತು. ಈಗ ಅವು ಕಪ್ಪಗಿದ್ದವು. ಸುಕ್ಕುಗಟ್ಟಿದ ರೆಪ್ಪೆಗಳ ನಡುವೆ ಎಳೆ ಹುಡುಗಿಯ ಕಣ್ಣು. ಎಡಗಣ್ಣಿನ ಬಿಳಿಯಲ್ಲಿ ಸಣ್ಣ ಮಚ್ಚೆ.

ಅವರು ಹೋದ ಮೇಲೆ ಅತ್ತೆ ನನ್ನನ್ನು ಬಾಗಿಲ ಬಳಿ ಬೆಳಕಿಗೆ ಎಳೆದುಕೊಂಡು ಬಂದಳು.

‘ನನ್ನ ಕಣ್ಣು ನೋಡೇ. ಮಚ್ಚೆ ಇದೆಯಾ?’

ನಾನು ರೆಪ್ಪೆ ಎಳೆದು ನೋಡಿದೆ. ಬಲಗಣ್ಣಿನಲ್ಲಿ ಇರಬಹುದೇ ಎಂದು ಅದನ್ನೂ ನೋಡಿದೆ. ಇರಲಿಲ್ಲ. ಅಳಿಸಿದ ಗುರುತೂ ಇರಲಿಲ್ಲ.

‘ವಯಸ್ಸಾಯ್ತಲ್ಲ ಅತ್ತೆ, ಮಾಸಿರತ್ತೆ’ ಎಂದೆ.

ಅವತ್ತಿನಿಂದ ಅತ್ತೆ ಬೀದಿಯಲ್ಲಿ ತಲೆ ಎತ್ತಿ ನಡೆಯುವುದನ್ನು ಬಿಟ್ಟಳು. ತರಕಾರಿ ತೂಗುವವಳ ಮುಖ ನೋಡದೆ ಚೀಲ ಹಿಡಿಯುವಳು. ಬಸ್ಸಿನಲ್ಲಿ ಕಿಟಕಿಯ ಕಡೆಗೇ ಮುಖ. ಒಂದು ಸಲ ದರ್ಜಿ ಅಳತೆಯ ಪಟ್ಟಿ ಹಿಡಿದು ಹತ್ತಿರ ಬಂದಾಗ, ‘ಬೇಡ, ಅಂದಾಜಲ್ಲೇ ಹೊಲಿಯಿರಿ’ ಎಂದು ಎದ್ದೋಡಿ ಬಂದಳು. ‘ನನ್ನ ಕಣ್ಣಿಟ್ಟುಕೊಂಡೋರು ನನ್ನನ್ನು ನೋಡ್ತಾರಲ್ಲ, ಆಗ ಕನ್ನಡಿ ತಾನಾಗೇ ನನ್ನ ಕಡೆ ತಿರುಗಿದ ಹಾಗಾಗುತ್ತೆ ಕಣೇ’ ಎಂದಳು.

ಅಂಥ ಹೊತ್ತಿನಲ್ಲೇ ದೊಡ್ಡತ್ತೆಯ ಫೋನು ಬಂದದ್ದು.

ದೊಡ್ಡತ್ತೆ ಇರುವುದು ದೇಶದ ಇನ್ನೊಂದು ತುದಿಯಲ್ಲಿ, ಒಬ್ಬಳೇ. ತಾಯಿ ತೀರಿಕೊಂಡ ಮೇಲೆ ತಂಗಿಯನ್ನು ಎತ್ತಿ ಆಡಿಸಿದವಳು, ಜಡೆ ಹೆಣೆದವಳು, ಕೆಲಸಕ್ಕೆ ಸೇರಿಸಿದವಳು ಅವಳೇ. ಈಗ ಹೃದಯದ ಆಪರೇಷನ್. ನಾಳೆ ಮಧ್ಯಾಹ್ನವೇ ಆಗಬೇಕು, ಮುಂದಕ್ಕೆ ಹಾಕಿದರೆ ಉಳಿಯುವ ಭರವಸೆ ಇಲ್ಲ ಎಂದು ಡಾಕ್ಟರು ಹೇಳಿದ್ದರು. ದೊಡ್ಡತ್ತೆಯದು ಒಂದೇ ಹಟ.

‘ಚುಕ್ಕೀ, ನಿನ್ನ ಮುಖ ನೋಡದೆ ನಾನು ಒಳಗೆ ಹೋಗಲ್ಲ. ಯಾರು ಎಳೆದ್ರೂ ಹೋಗಲ್ಲ. ನಂಗೆ ಭಯ ಕಣೇ.’

‘ಬರ್ತೀನಕ್ಕ. ನೀನು ಸುಮ್ನೆ ಮಲಗು, ಬೆಳಗ್ಗೆ ಅಲ್ಲಿರ್ತೀನಿ.’

ರೈಲಿನಲ್ಲಿ ಹೋದರೆ ಮುಟ್ಟುವಷ್ಟರಲ್ಲಿ ಹೊತ್ತು ಮೀರುತ್ತದೆ. ವಿಮಾನವೇ ಗತಿ. ಹೊಸ ಕಾರ್ಡು ಮಾಡಿಸಲು ಸಮಯವಿಲ್ಲ. ಜನ್ಮದಲ್ಲಿ ಮೊದಲ ಸಲ ಹಾರುವವಳು, ಕೈಯಲ್ಲಿ ಆ ಹಳೆಯ ಕಾರ್ಡು ಹಿಡಿದುಕೊಂಡು ಹೊರಟಳು. ಬಿಟ್ಟುಬರಲು ನಾನು ಜೊತೆಗೆ ಹೋದೆ.

ಬೆಳಗಿನ ಜಾವಕ್ಕೇ ವಿಮಾನ ನಿಲ್ದಾಣದ ಬಾಗಿಲಲ್ಲಿ ಉದ್ದ ಸಾಲು. ನಾನು ಕಂಬಿಯ ಈಚೆ, ಅವಳು ಆಚೆ, ಮಾತಾಡುವಷ್ಟು ಹತ್ತಿರ. ಅವಳ ಮುಂದಿದ್ದವರಿಗೆಲ್ಲ ಟಿಣ್, ಹಸಿರು. ಟಿಣ್, ಹಸಿರು. ಅತ್ತೆ ಕ್ಯಾಮೆರಾದ ಮುಂದೆ ನಿಂತಳು. ಕಣ್ಣು ಮಿಟುಕಿಸಬಾರದೆಂದು ನೀರು ಬರುವಷ್ಟು ಅಗಲಿಸಿದಳು. ಟಿಣ್ ಅನ್ನಲಿಲ್ಲ.

ಕಾವಲಿಗಿದ್ದ ಹೆಣ್ಣುಮಗಳು ಪರದೆ ನೋಡಿದಳು, ಅತ್ತೆಯನ್ನು ನೋಡಿದಳು, ಮತ್ತೆ ಪರದೆ ನೋಡಿದಳು.

‘ಅಮ್ಮಾ, ನೀವು ಆಗಲೇ ಒಳಗೆ ಹೋಗಿದ್ದೀರಲ್ಲ.’

‘ನಾನಾ? ಈಗ ತಾನೇ ಬಂದೆ ತಾಯಿ.’

‘ಇದೇ ಹೆಸರು, ಇದೇ ಟಿಕೆಟ್ಟು. ಮುಖ ತಾಳೆಯಾಗಿ ಹಸಿರು ಬಂದಿದೆ. ನಿಮ್ಮ ಸೀಟು ತಗೊಂಡಾಯ್ತು.’

‘ಒಳಗೆ ಹೋಗಿರೋಳು ನಾನಾದ್ರೆ, ಇಲ್ಲಿ ನಿಂತಿರೋಳು ಯಾರಮ್ಮಾ?’

‘ಅದನ್ನೇ ನಾನೂ ಕೇಳ್ತಿರೋದು’ ಎಂದಳು ಆಕೆ. ದನಿಯಲ್ಲಿ ಜೋರಿರಲಿಲ್ಲ. ಕಾರ್ಡನ್ನು ಬೆಳಕಿಗೆ ಹಿಡಿದು, ‘ಇದರಲ್ಲಿ ಎಡಗಣ್ಣಲ್ಲಿ ಮಚ್ಚೆ ಇದೆ. ನಿಮಗಿಲ್ಲ. ಅವರಿಗಿದೆ’ ಎಂದು ಪರದೆಯನ್ನು ಈಚೆ ತಿರುಗಿಸಿದಳು.

ಹಸಿರು ಶಾಲು ಹೊದ್ದ ಒಬ್ಬ ಹೆಂಗಸು. ಯಾರೆಂದು ನಮಗೆ ಗೊತ್ತಿಲ್ಲ. ಮೂಗು ಬೇರೆ, ತುಟಿ ಬೇರೆ, ವಯಸ್ಸೂ ಬೇರೆ. ಆದರೆ ಕಣ್ಣು ಅವೇ. ಸ್ಟುಡಿಯೋದ ಹೊಸ ದೀಪದ ಮುಂದೆ ಕೂತಿದ್ದ ಆ ಎಳೆಯ ಕಣ್ಣು.

‘ಅವಳನ್ನ ಹಿಡೀರಿ! ಅವಳ ಕಾರ್ಡು ನೋಡಿ!’ ನಾನು ಕಂಬಿಯಿಂದಲೇ ಕೂಗಿದೆ.

‘ನೋಡಿಯೇ ಬಿಟ್ಟಿದ್ದು. ಅವರದೆಲ್ಲ ಸರಿಯಾಗಿದೆ ಕಣಮ್ಮ. ಸರಿಯಿಲ್ಲದೆ ಇರೋದು ಇವರದು.’

ಗಾಜಿನ ಗೋಡೆಯ ಆಚೆ ಜನ ಸಾಲಾಗಿ ಒಳಗೆ ಹೋಗುತ್ತಿದ್ದರು. ಕೊನೆಯ ತಿರುವಿನಲ್ಲಿ ಹಸಿರು ಶಾಲು ಕಂಡಿತು. ಅವಳು ನಿಂತು, ಹಿಂತಿರುಗಿ ನೋಡಿದಳು. ನಗಲಿಲ್ಲ, ಬೆದರಲಿಲ್ಲ. ಬೀಳ್ಕೊಡಲು ಬಂದ ಮನೆಯವರನ್ನು ನೋಡುವ ಹಾಗೆ ಅತ್ತೆಯನ್ನೊಮ್ಮೆ ನೋಡಿ, ತಲೆಯಾಡಿಸಿ, ಹೊರಟುಹೋದಳು. ಅತ್ತೆಯ ಕೈ ತಾನಾಗಿಯೇ ಮೇಲೆದ್ದು ಟಾಟಾ ಮಾಡಿತು. ನಾನು ಕಣ್ಣಾರೆ ನೋಡಿದೆ.

ವಿಮಾನ ಹಾರಿತು. ಅತ್ತೆ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತಳು. ನಾನು ಅವರಿಗೆ ಹೇಳಿದೆ, ಇವರಿಗೆ ಹೇಳಿದೆ, ಕಚೇರಿಯಿಂದ ಕಚೇರಿಗೆ ಅಲೆದೆ. ಮುಂದಿನ ವಿಮಾನಕ್ಕೂ ಇದೇ ಕ್ಯಾಮೆರಾ ತಾನೇ ಎಂದರು. ಹೊತ್ತು ಏರುತ್ತ ಹೋಯಿತು. ಆಪರೇಷನ್ನಿನ ಸಮಯ ಹತ್ತಿರವಾಗುತ್ತಿತ್ತು.

‘ಅಕ್ಕ ಒಳಗೆ ಹೋಗಲ್ಲ ಕಣೇ’ ಎಂದಳು ಅತ್ತೆ. ‘ಅವಳ ಹಟ ನಿಂಗೆ ಗೊತ್ತಿಲ್ಲ. ಬಾಗಿಲು ಹಿಡ್ಕೊಂಡು ನಿಂತುಬಿಡ್ತಾಳೆ.’

‘ಫೋನ್ ಮಾಡಿ ಒಪ್ಪಿಸು ಅತ್ತೆ. ನಿನ್ನ ಮಾತು ಕೇಳ್ತಾಳೆ.’

ಅತ್ತೆ ಫೋನು ಹಚ್ಚಿದಳು. ನನಗೂ ಕೇಳಲಿ ಎಂದು ಸ್ಪೀಕರ್ ಹಾಕಿದಳು.

‘ಯಾರು?’ ದೊಡ್ಡತ್ತೆಯ ದನಿ. ಹಿಂದಿನ ದಿನದ ಅಳು ಅದರಲ್ಲಿರಲಿಲ್ಲ.

‘ನಾನಕ್ಕ, ಚುಕ್ಕಿ.’

ದೊಡ್ಡತ್ತೆ ನಕ್ಕಳು.

‘ಏ ಯಾರಮ್ಮಾ ನೀನು, ತಮಾಷೆ ಮಾಡೋಕೆ ಬೇರೆ ಹೊತ್ತು ಸಿಗಲಿಲ್ವಾ? ಚುಕ್ಕಿ ನನ್ನ ಪಕ್ಕದಲ್ಲೇ ಕೂತಿದ್ದಾಳೆ. ಈಗ ತಾನೇ ಬಂದಳು.’

‘ಹೇಳು ಅತ್ತೆ, ಅದು ನೀನಲ್ಲ ಅಂತ ಹೇಳು’ ಎಂದು ಪಿಸುಗುಟ್ಟಿದೆ. ಅತ್ತೆ ಬಾಯಿ ತೆರೆದಳು. ಅಷ್ಟರಲ್ಲಿ ಆ ಕಡೆಯಿಂದ ನರ್ಸಿನ ದನಿ, ‘ಹೊರಡೋಣ್ವಾ ಅಮ್ಮಾ? ಈಗಲಾದರೂ ಧೈರ್ಯ ಬಂತಾ?’

‘ಬಂತಮ್ಮಾ. ನನ್ನ ತಂಗಿ ಬಂದಳಲ್ಲ. ನೋಡಿ ಹೆಂಗಿದ್ದಾಳೆ, ಒಂಚೂರೂ ವಯಸ್ಸೇ ಆಗಿಲ್ಲ ಅವಳಿಗೆ.’

ಅತ್ತೆ ತೆರೆದ ಬಾಯಿಯನ್ನು ಹಾಗೇ ಮುಚ್ಚಿದಳು.

‘ತಪ್ಪಾಯ್ತಮ್ಮಾ’ ಎಂದಳು. ದನಿಯನ್ನು ಬೇಕೆಂದೇ ಒರಟು ಮಾಡಿಕೊಂಡಿದ್ದಳು. ‘ನಾನು ಅವರ ಸ್ಟುಡಿಯೋದವಳು. ನಿಮ್ಮ ತಂಗಿ ಬಂದು ಸೇರಿದ್ರಾ ಅಂತ ಕೇಳೋಣ ಅಂತ ಮಾಡಿದೆ.’

‘ಸೇರಿದ್ದಾಳೆ ತಾಯಿ. ಪುಣ್ಯ ಬರಲಿ ನಿಮಗೆ.’

‘ಅವರಿಗೊಂದು ಮಾತು ಹೇಳ್ತೀರಾ? ನಿಮಗೆ ಪಾದ ಬೇಗ ತಣ್ಣಗಾಗುತ್ತಂತೆ. ಕಾಲಿಗೆ ಬೆಚ್ಚಗೆ ಏನಾದ್ರೂ ಹಾಕಲಿ.’

‘ಅಯ್ಯೋ, ಅದನ್ನೇ ಹಾಕ್ತಿದ್ದಾಳೆ ಈಗ!’ ದೊಡ್ಡತ್ತೆ ಮತ್ತೆ ನಕ್ಕಳು. ‘ನಿಮಗೆ ಹೆಂಗೆ ಗೊತ್ತಾಯ್ತು? ನಿಮ್ಮ ಹೆಸರೇನಮ್ಮಾ?’

ಅತ್ತೆ ಬೆಂಚಿನ ಅಂಚನ್ನು ಹಿಡಿದುಕೊಂಡಳು. ಬಹಳ ಹೊತ್ತು ಯೋಚಿಸಿದಳು, ನಿಜವಾಗಿಯೂ ನೆನಪಿಗೆ ಬಾರದವಳ ಹಾಗೆ. ಕೊನೆಗೆ ಫೋನು ಇಟ್ಟಳು.

ಇಳಿಹೊತ್ತಿಗೆ ನಾನೇ ಆಸ್ಪತ್ರೆಗೆ ಫೋನ್ ಮಾಡಿ ಕೇಳಿದೆ. ಆಪರೇಷನ್ ಚೆನ್ನಾಗಿ ಆಗಿದೆ, ಅವರ ತಂಗಿ ಜೊತೆಗಿದ್ದಾರೆ, ಗಾಬರಿ ಬೇಡ ಎಂದರು. ಅತ್ತೆಗೆ ಹೇಳಿದಾಗ, ‘ಸದ್ಯ’ ಎಂದಳು, ಅಷ್ಟೇ. ಬಸ್ಸಿನಲ್ಲಿ ಊರು ತಲುಪಿದೆವು. ಬಸ್ಸಿಳಿದು ಗಲ್ಲಿ ತಿರುಗಿ ಅವಳ ಮನೆಯ ಮುಂದೆ ಬಂದೆವು. ಇನ್ನೂ ದೀಪ ಹಚ್ಚುವ ಹೊತ್ತಾಗಿರಲಿಲ್ಲ. ಅತ್ತೆ ಬೀಗ ತೆಗೆದಳು, ಚಿಲಕ ಸರಿಸಿದಳು. ಕದ ತಳ್ಳಲಿಲ್ಲ. ಸೆರಗು ಸರಿಮಾಡಿಕೊಂಡು, ಒಂದು ಹೆಜ್ಜೆ ಹಿಂದೆ ಸರಿದು, ತನ್ನದೇ ಮನೆಯ ಬಾಗಿಲನ್ನು ಮೆತ್ತಗೆ ತಟ್ಟಿ, ಒಳಗಿನಿಂದ ಯಾರಾದರೂ ಬನ್ನಿ ಎನ್ನುತ್ತಾರೇನೋ ಎಂದು ನಿಂತಳು.