ಕನ್ನಡಕದಂಗಡಿಯವನು ಮೇಷ್ಟ್ರಿಗೆ ಹೇಳಿದ ಸುಳ್ಳು

ಹೊಸ ಕನ್ನಡಕ ಹಾಕಿಕೊಂಡವರು ಮೊಟ್ಟಮೊದಲು ಏನನ್ನು ನೋಡುತ್ತಾರೆ, ಬಲ್ಲಿರಾ? ನಾನು ಎದುರಿಗಿಟ್ಟ ಕನ್ನಡಿಯನ್ನಲ್ಲ, ಗೋಡೆಗೆ ತೂಗುಹಾಕಿದ ಅಕ್ಷರಗಳ ಪಟವನ್ನೂ ಅಲ್ಲ, ತಮ್ಮ ಅಂಗೈಯನ್ನು. ಶ್ರೀರಂಗಪಟ್ಟಣದ ಪೇಟೆಬೀದಿಯಲ್ಲಿ ಕನ್ನಡಕದಂಗಡಿ ಇಟ್ಟುಕೊಂಡು ಇಪ್ಪತ್ತೆಂಟು ವರ್ಷ ತಪಸ್ಸಿನಂತೆ ಕೂತ ನನಗೆ ಒಲಿದ ತತ್ತ್ವಜ್ಞಾನ ಇಷ್ಟೇ. ಇಂಥ ಜ್ಞಾನಿಯ ಕಣ್ಣಿಗೂ ದಪ್ಪ ಗಾಜೇ ಗತಿ. ಅದನ್ನು ಹಣೆಯ ಮೇಲೇರಿಸಿಕೊಂಡು ಅಂಗಡಿಯೆಲ್ಲ ತಡಕಾಡುವ ನನ್ನ ಪರಿಯನ್ನು ಗಿರಾಕಿಗಳು ಕಂಡು ನಕ್ಕಿದ್ದಾರೆ, ನಕ್ಕ ಮೇಲೂ ನನ್ನಲ್ಲೇ ಕನ್ನಡಕ ಕೊಂಡಿದ್ದಾರೆ.

ಈ ಅಮೀರ್‌ಜಾನ್ ಎಂಬ ಕನ್ನಡಕದವನಿಗೆ ಕನ್ನಡವನ್ನು ಕೊಟ್ಟವರು ಪಾಂಡವಪುರದ ಚಲುವಯ್ಯ ಮೇಷ್ಟ್ರು. ಎರಡಕ್ಕೂ ಇರುವುದು ಒಂದೇ ಅಕ್ಷರದ ಅಂತರ; ಆ ಒಂದಕ್ಷರವನ್ನು ನಾನು ಹೊಟ್ಟೆಪಾಡಿಗಾಗಿ ಸೇರಿಸಿಕೊಂಡೆ. ಹೈಸ್ಕೂಲಿನಲ್ಲಿ ಅವರು ನಮಗೆ ಚರಿತ್ರೆ ಹೇಳುತ್ತಿದ್ದರು. ಭಾನುವಾರ ಬಂತೆಂದರೆ ಸೈಕಲ್ಲೇರಿ ಕೆ.ಆರ್. ಪೇಟೆ, ನಾಗಮಂಗಲದ ಊರೂರು ತಿರುಗಿ ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ ಮುಖ ಮುಚ್ಚಿಕೊಂಡು ಬಿದ್ದ ವೀರಗಲ್ಲುಗಳನ್ನು ತೊಳೆದು, ಓದಿ, ನೋಟುಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದರು. ಅವೆಲ್ಲ ಸೇರಿ ಒಂದು ಪುಸ್ತಕವೂ ಆಯಿತು. ಸಣ್ಣ ಪುಸ್ತಕ, ಆದರೆ ಅದರ ಒಂದೊಂದು ಸಾಲಿಗೂ ಒಂದೊಂದು ಬಿಸಿಲು ಖರ್ಚಾಗಿತ್ತು.

ಎರಡು ವರ್ಷದ ಹಿಂದೆ ಮೇಷ್ಟ್ರು ಅಂಗಡಿಗೆ ಬಂದು ಕುಳಿತರು. "ಅಕ್ಷರದ ಮಧ್ಯಕ್ಕೇ ತೂತು ಬೀಳ್ತಾ ಅದೆ ಕಣ್ಲಾ ಅಮೀರ. ಒಸಿ ನಂಬರು ಜಾಸ್ತಿ ಮಾಡು" ಎಂದರು. ನಾನು ಮೂರು ಸಲ ಗಾಜು ಬದಲಿಸಿದೆ. ತೂತು ದೊಡ್ಡದಾಗುತ್ತ ಹೋಯಿತು. ಕೊನೆಗೆ ಮೈಸೂರಿನ ಕಣ್ಣಿನ ಡಾಕ್ಟರು, ಕಣ್ಣಿನೊಳಗಿನ ಪರದೆಯೇ ಸವೆದಿದೆ, ಇದಕ್ಕೆ ಯಾವ ಗಾಜೂ ಇಲ್ಲ ಎಂದುಬಿಟ್ಟರು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅತ್ತವನು ನಾನು. ಸಮಾಧಾನ ಹೇಳಿದವರು ಅವರು. "ನಿನ್ನ ಗಾಜಿಂದೇನೂ ತಪ್ಪಿಲ್ಲ, ಬುಡ್ಲಾ."

ಅಂದಿನಿಂದ ಶುಕ್ರವಾರದ ನಮಾಜು ಮುಗಿಸಿ, ಅಂಗಡಿಯನ್ನು ಅರ್ಧ ದಿನಕ್ಕೆ ಮುಚ್ಚಿ, ಪಾಂಡವಪುರದ ಬಸ್ಸು ಹತ್ತುವುದು ನನ್ನ ಪದ್ಧತಿಯಾಯಿತು. ಮೇಷ್ಟ್ರು ಮಗಳ ಮನೆಯ ಜಗಲಿಯಲ್ಲಿ ಕೂತಿರುತ್ತಿದ್ದರು. ಪುಸ್ತಕವನ್ನು ತಿದ್ದಿ ಮತ್ತೊಮ್ಮೆ ಅಚ್ಚು ಹಾಕಿಸಬೇಕೆಂಬುದು ಅವರ ಆಸೆ. ನಾನು ಹಳೆಯ ನೋಟುಪುಸ್ತಕಗಳನ್ನು ಓದುವುದು, ಅವರು ಕೇಳುವುದು. ಹಳಗನ್ನಡದ ಲಿಪಿಯನ್ನು ಈ ವಯಸ್ಸಿನಲ್ಲಿ ನನ್ನ ಅಂಗೈಮೇಲೆ ಬೆರಳಿನಿಂದ ಬರೆದು ಕಲಿಸಿದರು. ಅರ್ಧ ಶತಮಾನ ದಾಟಿದ ವಿದ್ಯಾರ್ಥಿ ಹತ್ತು ಅಕ್ಷರ ಕಲಿತು ಒಂಬತ್ತು ಮರೆಯುತ್ತಿದ್ದ.

ಒಂದು ಶುಕ್ರವಾರ ಶೀಳನೆರೆಯ ಸೀಮೆಯ ಒಂದು ವೀರಗಲ್ಲಿನ ಪುಟ ಬಂತು. ಅಚ್ಚಾದ ಪುಸ್ತಕದಲ್ಲಿ 'ಮಾಚಗವುಡನು ಬೀರ' ಎಂದಿತ್ತು. ಬೀರ ಎಂದರೆ ವೀರ; ದನಗಳ್ಳರೊಡನೆ ಕಾದಾಡಿ ಸತ್ತ ವೀರ ಮಾಚಗೌಡ ಎಂದು ಮೇಷ್ಟ್ರು ಅರ್ಥ ಬರೆದಿದ್ದರು. ಆದರೆ ನೋಟುಪುಸ್ತಕದಲ್ಲಿ 'ನು' ಎಂಬ ಅಕ್ಷರದ ಮುಂದೆ 'ಬಿರುಕು' ಎಂದೂ ಅದರ ಪಕ್ಕ ಪೆನ್ಸಿಲಿನ ಪ್ರಶ್ನಾರ್ಥಕ ಚಿಹ್ನೆಯೂ ಇತ್ತು. ನಾನು ಅದನ್ನೂ ಓದಿದೆ. ಮೇಷ್ಟ್ರು ಕೈಚಾಚಿ ಆ ಪುಟವನ್ನು ಸವರಿದರು. "ಅನುಮಾನ ಇತ್ತು. ಅಚ್ಚಿನಲ್ಲಿ ನುಂಗಿಬುಟ್ಟೆ. ಇನ್ನೊಂದ್ಸಲ ನೋಡ್ಬೇಕು" ಎಂದರು. 'ನೋಡ್ಬೇಕು' ಎಂಬ ಮಾತು ಅವರ ಬಾಯಲ್ಲಿ ಇನ್ನೂ ಉಳಿದಿತ್ತು.

ಮುಂದಿನ ವಾರ ಪರಿಚಿತರ ಕಾರಿನಲ್ಲಿ ಅವರನ್ನು ಕೂರಿಸಿಕೊಂಡು ಹೊರಟೆ. ಕಲ್ಲು ಪುಟ್ಟತಾಯಮ್ಮ ಎಂಬ ಮುದುಕಿಯ ಹಿತ್ತಿಲಿನಲ್ಲಿದೆ. ಆಕೆಯ ಮನೆಗೇ ಮಾಚೇಗೌಡನ ಮನೆ ಎಂದು ಹೆಸರು. ಮೇಷ್ಟ್ರು ಆ ಸಾಲನ್ನು ಆಕೆಯ ಮಾವನವರಿಗೆ ಓದಿ ಹೇಳಿದಾಗಿನಿಂದ ಆ ಮನೆಯವರು ತಮ್ಮ ವಂಶದ ವೀರನೆಂದು ವರ್ಷಕ್ಕೊಮ್ಮೆ ಕಲ್ಲಿಗೆ ಎಡೆಯಿಕ್ಕುತ್ತಾರೆ. ಪುಸ್ತಕದ ಆ ಪುಟಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾರೆ. ಆಕೆ ಮೇಷ್ಟ್ರ ಕೈ ಹಿಡಿದು ಬರಮಾಡಿಕೊಂಡು, ಕಾಫಿ ಕಾಯಿಸಲು ಒಳಗೆ ಹೋದರು.

ನಾನು ಕಲ್ಲಿಗೆ ನೀರು ಹೊಯ್ದು ನಾರಿನಿಂದ ಉಜ್ಜಿದೆ. ಹಾವಸೆ ಬಿಟ್ಟುಕೊಂಡಿತು. ಇಳಿಬಿಸಿಲು ಓರೆಯಾಗಿ ಬಿದ್ದು ಅಕ್ಷರಗಳು ಮೇಲೆದ್ದವು. ಮೇಷ್ಟ್ರು ಬಿರುಕೆಂದು ಬಿಟ್ಟಿದ್ದ ಜಾಗದಲ್ಲಿ ಬಿರುಕಿರಲಿಲ್ಲ. ದುಂಡಗಿನ ಒಂದು 'ಳು' ಇತ್ತು; ಅದರ ಹಿಂದಿನದು 'ನು' ಅಲ್ಲ, 'ನಾ'. ಮಾಚಗವುಡನು ಅಲ್ಲ, ಮಾಚಗವುಡನಾಳು. ಮಾಚಗೌಡನ ಆಳು, ಬೀರ ಎಂಬವನು. ಸತ್ತವನು ಗೌಡನಲ್ಲ, ಅವನ ದನ ಬಿಡಿಸಿಕೊಳ್ಳಲು ಹೋದ ಆಳು.

"ಏನದೆಯ್ಲಾ?" ಎಂದರು ಮೇಷ್ಟ್ರು.

ಒಳಗೆ ಲೋಟಗಳ ಸದ್ದು. ನಡುಮನೆಯ ಗೋಡೆಯ ಮೇಲೆ ಕಟ್ಟು ಹಾಕಿದ ಪುಟ. ಎದುರಿಗೆ, ನಲವತ್ತು ವರ್ಷದ ದುಡಿಮೆಯನ್ನು ನನ್ನ ಕಣ್ಣಿಗೊಪ್ಪಿಸಿ ನಿಂತ ಮನುಷ್ಯ. "ನೀವು ಓದಿದ್ದೇ ಸರಿ ಸಾ. 'ನು' ಅಂತ್ಲೇ ಅದೆ" ಎಂದುಬಿಟ್ಟೆ.

ಮೇಷ್ಟ್ರು ತಲೆಯಾಡಿಸಿದರು. ಆಮೇಲೆ ಕೋಲನ್ನು ನನ್ನ ಕೈಗೆ ಕೊಟ್ಟು, ನೆಲಕ್ಕೆ ಮಂಡಿಯೂರಿ, ಕಲ್ಲಿನ ಮೇಲೆ ಬೆರಳಾಡಿಸಲು ತೊಡಗಿದರು. ನಾನು ತಡೆಯಬಹುದಿತ್ತು, ಏನೆಂದು ಹೇಳಿ ತಡೆಯಲಿ? ಮಾ, ಚ, ಗ ಎಂದು ತುಟಿಯಲ್ಲೇ ಅಂದುಕೊಳ್ಳುತ್ತ ಬಂದ ಬೆರಳು ಒಂದೆಡೆ ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಬಂತು. ಮತ್ತೆ ನಿಂತಿತು.

"ಅಮೀರ, ನಂಗೆ ಕಣ್ಣಿಲ್ದೆ ತಪ್ಪಾಯ್ತದೆ. ನಿಂಗೆ ಕಣ್ಣಿದ್ದೂ ಯಾಕ್ಲಾ ತಪ್ಪಾಯ್ತು?"

ಗದರಿರಲಿಲ್ಲ. ಗದರಿದ್ದರೆ ತಾಳಿಕೊಳ್ಳಬಹುದಿತ್ತು. ನಾನು ಕಲ್ಲಿನ ಪಕ್ಕದಲ್ಲೇ ಕುಕ್ಕರಿಸಿ, "ನಿಮ್ಗೆ ನೋವಾಯ್ತದೆ ಅಂತ ಸಾ" ಎಂದೆ.

"ನಂಗೆ ಆಗೋ ನೋವ್ನ ನಾನು ನೋಡ್ಕತೀನಿ. ಬೀರ ಪ್ರಾಣ ಕೊಟ್ಟವ್ನೆ. ಅವನ ಹೆಸರ ನಾನೊಂದ್ಸಲ ಅಳಿಸ್ದೆ, ಈಗ ನೀನೊಂದ್ಸಲ. ನೀನು ನಂಗೆ ಕಣ್ಣಾಗು, ಸಾಕು. ಯಾವ್ದು ಕಾಣ್ಬೇಕು, ಯಾವ್ದು ಕಾಣ್ಬಾರ್ದು ಅಂತ ತೀರ್ಮಾನ ಮಾಡಬ್ಯಾಡ."

ಕಾಫಿ ತಂದ ಪುಟ್ಟತಾಯಮ್ಮನವರಿಗೆ ಮೇಷ್ಟ್ರು ಕೈಮುಗಿದು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಸತ್ತವನು ನಿಮ್ಮ ಮಾಚೇಗೌಡನಲ್ಲ, ಅವನ ಆಳು. ತಪ್ಪು ನನ್ನದು, ನಿಮ್ಮ ಮಾವನವರಿಗೆ ಸುಳ್ಳು ಹೇಳಿದಂತಾಯಿತು, ಎಂದರು. ಆಕೆಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ ಸಣ್ಣಗಾಯಿತು. ಎದ್ದು ಒಳಗೆ ಹೋದರು. ಕಾಫಿ ಆರಿತು. ನಾವು ಎದ್ದು ಹೊರಡುವ ಹೊತ್ತಿಗೆ ಬಾಗಿಲಿಗೆ ಬಂದು, "ಇಷ್ಟು ವರ್ಸ ಅವನ ಎಡೇನ ನಮ್ಮೋರು ಉಂಡ್ರಲ್ಲಾ ಮೇಷ್ಟ್ರೆ" ಎಂದಷ್ಟೇ ಹೇಳಿದರು. "ಇನ್ಮ್ಯಾಕೆ ಇಕ್ಕುವಾಗ ಏನಂತ ಕರೀಬೇಕು ಅವನ್ನ? ಹೆಸರು ಸರಿಯಾಗಿ ಹೇಳ್ಕೊಟ್ಟೋಗಿ."

"ಬೀರ" ಎಂದರು ಮೇಷ್ಟ್ರು. ಆಕೆ ಎರಡು ಸಲ ಹೇಳಿ ನೋಡಿಕೊಂಡರು.

ಪಾಂಡವಪುರದ ಮನೆ ಸೇರಿದ ಕೂಡಲೇ ಮೇಷ್ಟ್ರು ತಿದ್ದುಪಡಿಯನ್ನು ಹೇಳಿ ಬರೆಸಿದರು. ಕೊನೆಯಲ್ಲಿ, ಸರಿಯಾದ ಪಾಠವನ್ನು ಮೊದಲು ಕಂಡವನು ಅಮೀರ್‌ಜಾನ್ ಎಂದು ಬರೆ, ಎಂದರು. ಬೇಡವೆಂದೆ. "ಕಂಡಿದ್ದು ನಿಜ ತಾನೆ? ಬರಿ" ಎಂದರು. ಬರೆದೆ. ನನ್ನ ಹೆಸರು ಅಚ್ಚಾಗಲಿರುವುದು ಅದೊಂದೇ ಸಾಲಿನಲ್ಲಿ, ಮತ್ತು ಅದನ್ನು ಬರೆದಾಗ ನನಗೆ ನಾಚಿಕೆಯ ಹೊರತು ಏನೂ ಇರಲಿಲ್ಲ.

ಈಗ ಮೇಷ್ಟ್ರಿಗೆ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬಷ್ಟು ಬೆಳಕು ಮಾತ್ರ ಗೊತ್ತಾಗುತ್ತದೆ. ಹೋದ ಶುಕ್ರವಾರ ಅವರಿಗೆ ದಿನಪತ್ರಿಕೆ ಓದುತ್ತಿದ್ದೆ. ಒಳಪುಟದ ಮೂಲೆಯಲ್ಲಿ, ನಾಗಮಂಗಲದ ನಿವೃತ್ತ ಶಿಕ್ಷಕರೊಬ್ಬರು ತೀರಿಕೊಂಡ ಸುದ್ದಿ. ಮೇಷ್ಟ್ರ ಸೈಕಲ್ಲಿನ ಹಿಂದೆ ಕೂತು ಊರೂರು ಸುತ್ತಿದ ಗೆಳೆಯರು ಅವರು. ಮೇಷ್ಟ್ರನ್ನು ಏಕವಚನದಲ್ಲಿ ಕರೆಯುತ್ತಿದ್ದವರಲ್ಲಿ ಉಳಿದಿದ್ದ ಒಬ್ಬರೇ ಒಬ್ಬರು. ಪುಟ ಮಗುಚಿಹಾಕುವುದು ಎಷ್ಟು ಸುಲಭವಿತ್ತೆಂದು ನಿಮಗೆ ಹೇಳಲಾರೆ.

ಓದಿದೆ. ಹೆಸರು, ವಯಸ್ಸು, ಊರು, ಅಂತ್ಯಕ್ರಿಯೆಯ ಸ್ಥಳ, ಒಂದನ್ನೂ ಬಿಡಲಿಲ್ಲ. ಮೇಷ್ಟ್ರು ಕೈಚಾಚಿ ನನ್ನ ಮೊಣಕೈ ಹುಡುಕಿ ಹಿಡಿದುಕೊಂಡರು.

"ಇನ್ನೊಂದ್ಸಲ ಓದ್ಲಾ" ಎಂದರು.

ಇನ್ನೊಂದು ಸಲ ಓದಿದೆ.