ಪೀಟಿ ಮಾಸ್ತರರು ಮತ್ತು ನನ್ನ ತಾಡಪತ್ರಿ

ನಮ್ಮೂರ ಕಾಲೇಜಿನ ಪೀಟಿ ಮಾಸ್ತರರ ಬಾಯಲ್ಲಿ ಒಂದೇ ಮಾತು: "ಇನ್ನೊಮ್ಮಿ." ಹುಡುಗರು ಬಿದ್ದರೂ ಇನ್ನೊಮ್ಮಿ, ಗೆದ್ದರೂ ಇನ್ನೊಮ್ಮಿ. ಕಬಡ್ಡಿ ಆಡಿಸಲು ಮ್ಯಾಟ್ ಇರಲಿಲ್ಲ. ನನ್ನ ಟೆಂಪೋದ ಸರಕಿಗೆ ಹೊದಿಸುವ ತಾಡಪತ್ರಿಯನ್ನೇ ಕಪ್ಪು ಎರಿ ನೆಲದ ಮೇಲೆ ಹಾಸಿ, ನಾಲ್ಕೂ ಮೂಲೆಗೆ ಕಲ್ಲಿಟ್ಟು ಆಡಿಸುತ್ತಿದ್ದರು. ಆಮೇಲೆ ತಾವೇ ಝಾಡಿಸಿ, ನನಗಿಂತ ಚೊಕ್ಕವಾಗಿ ಮಡಚಿ ಕೊಡುತ್ತಿದ್ದರು.

ಆ ವರ್ಷ ನಮ್ಮ ಹುಡುಗರು ಒಂದೂ ಪಂದ್ಯ ಸೋಲದೆ ಗಂಗಾವತಿಯ ಫೈನಲ್‌ವರೆಗೆ ಹೋದರು. ಅಲ್ಲಿ ಒಂದೇ ಪಾಯಿಂಟಿನಲ್ಲಿ ಸೋತರು. ಕೊನೆಯ ವರ್ಷದ ಹುಡುಗರಿಗೆ ಅದೇ ಕಡೆಯ ಆಟ. ಎಲ್ಲರನ್ನೂ ನನ್ನ ಟೆಂಪೋದಲ್ಲಿ ಕೂರಿಸಿಕೊಂಡು ನಮ್ಮೂರು ಕುಷ್ಟಗಿಗೆ ವಾಪಸ್ ಹೊರಟೆ. ಕನಕಗಿರಿ ದಾಟಿದ ಮೇಲೆ ಮಾಸ್ತರರು, "ಗಾಡಿ ನಿಲ್ಲಸ್ರಿ" ಅಂದರು. ಇನ್ನು ಹುಡುಗರಿಗೆ ಬೈಗುಳ ಐತಿ ಅಂದುಕೊಂಡೆ. ಅವರು ಇಳಿದು, ಬಯಲಲ್ಲಿ ತಾಡಪತ್ರಿ ಹಾಸಿ, ಸೀಟಿ ಊದಿದರು.

"ಒಬ್ಬಾಂವ ಕಾಲು ಉಳುಕಿಸಿಕೊಂಡಾನ. ನೀವು ಬರ್ರಿ" ಅಂತ ನನ್ನನ್ನೇ ಕರೆದರು.

"ನಾ ಐದನೇತ್ತಕ್ಕ ಸಾಲಿ ಬಿಟ್ಟಾಂವ್ರಿ ಸರ. ಕಾಲೇಜ್ ಟೀಮಿನ್ಯಾಗ ಹೆಂಗ ಆಡ್ಲಿ?"

"ತಾಡಪತ್ರಿ ಯಾರದ್ರಿ? ನಿಮ್ದ ಹೌದಿಲ್ಲೊ? ಬರ್ರಿ!"

ಚಪ್ಪಲಿ ಬಿಟ್ಟು ರೈಡಿಗೆ ಹೋದೆ. ಮುಖ ಬಾಡಿಸಿಕೊಂಡು ಕೂತಿದ್ದ ಹುಡುಗರೇ ನಗುತ್ತ ನನ್ನನ್ನು ಹಿಡಿದು ಕೆಡವಿದರು. ಮಣ್ಣು ಝಾಡಿಸಿಕೊಂಡು ಏಳುವಷ್ಟರಲ್ಲಿ ಮಾಸ್ತರರು ಬಾಯಿಂದ ಸೀಟಿ ತೆಗೆದು ಕೂಗಿದರು: "ಇನ್ನೊಮ್ಮಿ!"